ಕಡಲು ದಾಟಿದವನ ಬಣ್ಣದ ವೇಷ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ವರ್ಷಕ್ಕೆ ನಾಲ್ಕೈದು ಸಲವಾದರೂ ತಪ್ಪದೆ ಮರಳಿ ಬರುವ ಪ್ರಶ್ನೆಯೊಂದುಂಟು: ಟಿ.ವಿ.ಯ ಪರದೆಯ ಮೇಲೆ ಅಮೆರಿಕದ ಮಲ್ಲರು ಒಬ್ಬರನ್ನೊಬ್ಬರು ಎತ್ತಿ ಒಗೆದು, ಕುರ್ಚಿಯಿಂದ ಬಡಿದು, ಹಣೆಯಿಂದ ರಕ್ತ ಹರಿಸಿಕೊಂಡು, ಮರುವಾರ ಏನೂ ಆಗದವರಂತೆ ಮತ್ತೆ ಬಂದು ನಿಲ್ಲುತ್ತಾರಲ್ಲ, ಆ ಕುಸ್ತಿಯು ಸತ್ಯವೋ ಅಸತ್ಯವೋ? ಉತ್ತರಿಸುವಷ್ಟು ಗಹನವಾದ ವಿಷಯವಲ್ಲವೆಂದು ಬಹುಕಾಲ ನಾನು ಇದನ್ನು ಬದಿಗಿರಿಸಿದ್ದೆನು. ಆದರೆ ಕಳೆದ ಆಟಿಯ ಒಂದು ರಾತ್ರಿ ನೆರಿಯದ ನಮ್ಮ ಮನೆಯ ಚಾವಡಿಯಲ್ಲಿಯೇ ಅದು ನನ್ನನ್ನು ಹಿಡಿದು ನಿಲ್ಲಿಸಿತು. ಚಾರ್ಮಾಡಿಯ ಕಡೆಯಿಂದ ಗಾಳಿಯೂ ಮಳೆಯೂ ಜೊತೆಯಾಗಿ ಇಳಿದು, ಎಲ್ಲಿಯೋ ಒಂದು ಮರ ತಂತಿಯ ಮೇಲೆ ಒರಗಿರಬೇಕು, ದೈತ್ಯಾಕಾರದ ಮಲ್ಲನೊಬ್ಬನು ಎದುರಾಳಿಯನ್ನು ತಲೆಯ ಮೇಲಕ್ಕೆತ್ತಿದ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು. ಎತ್ತಲ್ಪಟ್ಟವನು ಬಿದ್ದನೋ ಇಲ್ಲವೋ ಎಂಬುದು ತಿಳಿಯದ ಕತ್ತಲೆಯಲ್ಲಿ, ಉಜಿರೆಯ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿರುವ ಮಗಳ ಮಗನು ಕೇಳಿದನು: “ಅಜ್ಜ, ಅವರು ನಿಜವಾಗಿ ಹೊಡೆದುಕೊಳ್ಳುವುದಾ, ಅಲ್ಲ ಬರೀ ಲೊಟ್ಟೆಯಾ?”

ಪತ್ತನಾಜೆಗೆ ಮುಂಚೆ ಅವನನ್ನು ಕರೆದುಕೊಂಡು ಹೋಗಿ ಇಡೀ ರಾತ್ರಿಯ ದೇವಿ ಮಹಾತ್ಮೆ ಯಕ್ಷಗಾನವನ್ನು ತೋರಿಸಿದ್ದೆನು. ನಡುರಾತ್ರಿ ಕಳೆದ ಮೇಲೆ ಸಭೆಯ ಹಿಂಬದಿಯಿಂದ ದೊಂದಿಗಳ ಬೆಳಕಿನಲ್ಲಿ ಜನರ ನಡುವೆಯೇ ಹಾದು ಅಬ್ಬರಿಸುತ್ತ ಬರುವ ಮಹಿಷಾಸುರನನ್ನು ಕಂಡು ಅವನು ನನ್ನ ಶಾಲಿನೊಳಗೆ ಮುಖ ಹುದುಗಿಸಿದ್ದನು. ಆದುದರಿಂದ ಉತ್ತರಕ್ಕೆ ಬದಲು ನಾನೂ ಒಂದು ಪ್ರಶ್ನೆಯನ್ನೇ ಕೇಳಿದೆನು: “ಅಂದು ಮಹಿಷಾಸುರ ಸತ್ತದ್ದು ನಿಜವಾ, ಲೊಟ್ಟೆಯಾ?” ಹುಡುಗನು ತಡಮಾಡಲಿಲ್ಲ. “ಅದು ಆಟ ಅಲ್ವಾ ಅಜ್ಜ!” ಎಂದನು.

ತುಳುನಾಡಿನ ಮಕ್ಕಳಿಗೆ ಹುಟ್ಟಿನಿಂದಲೇ ದೊರಕಿರುವ ಈ ತಿಳಿವು ಅನ್ಯರಿಗೆ ಸುಲಭವಾಗಿ ಒದಗುವುದಿಲ್ಲವೆಂದು ತೋರುತ್ತದೆ. ಬಯಲಾಟವನ್ನು ನಾವು ಆಟವೆಂದೇ ಕರೆಯುತ್ತೇವೆ. ಆಟವು ಸತ್ಯವೋ ಅಸತ್ಯವೋ ಎಂದು ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಚೌಕಿಯಲ್ಲಿ ದೇವಿಯ ಪಾತ್ರಧಾರಿಯೂ ಮಹಿಷನ ಪಾತ್ರಧಾರಿಯೂ ಒಂದೇ ಕೆಟಲಿನ ಚಹಾ ಕುಡಿದು ಬಂದವರೆಂದು ತಿಳಿದೂ ರಂಗದ ಮೇಲೆ ಶೂಲವೇಳುವಾಗ ಕೈಮುಗಿಯುತ್ತೇವೆ. ವಿದೇಶದ ಆ ಕುಸ್ತಿಯೂ ಈ ಅರ್ಥದಲ್ಲಿ ಆಟವೇ. ಯಾರು ಗೆಲ್ಲಬೇಕು, ಯಾರು ಸೋಲಬೇಕು, ಯಾವ ರೀತಿಯಲ್ಲಿ ಸೋಲಬೇಕು ಎಂಬುದನ್ನು ಪಂದ್ಯ ಕಟ್ಟುವವನು ಮೊದಲೇ ನಿಶ್ಚಯಿಸಿರುತ್ತಾನೆ. ಆ ವೃತ್ತಿಯಲ್ಲಿ ಅವನಿಗೆ ಬುಕರ್ ಎಂಬ ಹೆಸರು. ನಮ್ಮ ಮೇಳದಲ್ಲಾದರೆ ಅದು ಭಾಗವತರ ಸ್ಥಾನ. ಕಥೆಯ ತುದಿ ನಿಶ್ಚಿತವಾಗಿದ್ದರೂ ನಡುವಿನ ಪಟ್ಟುಗಳನ್ನು ಮಲ್ಲರು ಒಬ್ಬರ ಕಿವಿಯಲ್ಲೊಬ್ಬರು ಪಿಸುಗುಟ್ಟಿಕೊಂಡು, ಸಭೆಯ ಉಸಿರನ್ನು ಆಲಿಸಿಕೊಂಡು, ಅಲ್ಲಿಯೇ ಹೊಸೆಯುವುದುಂಟು. ಪ್ರಸಂಗ ಗೊತ್ತಿದ್ದೂ ಅರ್ಥಧಾರಿಯು ಮಾತನ್ನು ರಂಗದಲ್ಲಿಯೇ ಹುಟ್ಟಿಸುವಂತೆ. ಈ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡದಿರುವ ಕಟ್ಟುಪಾಡಿಗೆ ಅವರಲ್ಲಿ ಕೇಫೇಬ್ ಎಂಬ ಸಂಕೇತಪದವೇ ಇತ್ತು. ಇಂದು ಡಬ್ಲ್ಯೂ.ಡಬ್ಲ್ಯೂ.ಇ. ಎನಿಸಿಕೊಳ್ಳುವ ಸಂಸ್ಥೆಯು 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿನೆದುರು, ಇದು ನಿಜವಾದ ಸ್ಪರ್ಧೆಯಲ್ಲ, ವಿನೋದಕ್ಕಾಗಿ ನಡೆಸುವ ಪ್ರದರ್ಶನವೆಂದು ತಾನಾಗಿಯೇ ಒಪ್ಪಿಕೊಂಡಿತು. ಸತ್ಯನಿಷ್ಠೆ ಉಕ್ಕಿ ಬಂದುದರಿಂದಲ್ಲ. ಕ್ರೀಡೆಯೆಂದು ಹೇಳಿಕೊಂಡರೆ ರಾಜ್ಯದ ಕ್ರೀಡಾ ಆಯೋಗದ ತಪಾಸಣೆಯನ್ನೂ ತೆರಿಗೆಯನ್ನೂ ಹೊರಬೇಕಾಗಿದ್ದಿತು, ಆಟವೆಂದರೆ ಆ ಹೊರೆ ಇಳಿಯುತ್ತಿದ್ದಿತು.

ಆದರೆ ಬೀಳುವುದು ಮಾತ್ರ ಸತ್ಯ. ಹಗ್ಗ ಬಿಗಿದ ಆ ಚೌಕದ ನೆಲವೆಂದರೆ ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳುವಾದ ಒಂದು ಮೆತ್ತೆ, ಅದಕ್ಕೆ ಹೊದಿಸಿದ ಕ್ಯಾನ್‌ವಾಸ್ ಬಟ್ಟೆ, ಇಷ್ಟೇ. ಬೀಳುವವನು ಗಲ್ಲವನ್ನು ಎದೆಗೆ ಒತ್ತಿ, ಉಸಿರನ್ನು ಹೊರಬಿಟ್ಟು, ತೋಳುಗಳನ್ನು ಅಗಲಿಸಿ, ಬೆನ್ನಿನ ಇಡೀ ವಿಸ್ತಾರವನ್ನು ಏಕಕಾಲಕ್ಕೆ ನೆಲಕ್ಕೆ ಒಪ್ಪಿಸಿದರೆ ಪೆಟ್ಟು ಹಂಚಿಹೋಗಿ ಸದ್ದು ದೊಡ್ಡದಾಗುತ್ತದೆ, ನೋವು ಸಣ್ಣದಾಗುತ್ತದೆ. ಒಂದು ಅಂಗುಲ ತಪ್ಪಿದರೆ ಕುತ್ತಿಗೆ. ಗರಡಿಗೆ ಹೊಸದಾಗಿ ಸೇರಿದವನು ಗೆಲ್ಲುವುದನ್ನಲ್ಲ, ಬೀಳುವುದನ್ನು ಮೊದಲು ಕಲಿಯುತ್ತಾನೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ನಮ್ಮ ಗಾದೆಯನ್ನು ಪರಿಹಾಸಕ್ಕೆಂದೇ ಬಳಸುತ್ತೇವಷ್ಟೆ. ಈ ವೃತ್ತಿಯಲ್ಲಿ ಅದು ಪರಿಹಾಸವಲ್ಲ, ಪ್ರಥಮ ಪಾಠ.

ಗಾದೆಯಲ್ಲಿ ಬಂದ ಆ ಜಟ್ಟಿಯನ್ನು ಇಲ್ಲಿಯೇ ಸ್ವಲ್ಪ ತಡೆದು ನಿಲ್ಲಿಸಬೇಕೆನಿಸುತ್ತದೆ. ಏಕೆಂದರೆ ನಾನು ಈ ವಾರ ಹೇಳಹೊರಟಿರುವುದು ಪರದೇಶಕ್ಕೆ ಹೋಗಿ ಮಲ್ಲವೃತ್ತಿಯಿಂದ ಜೀವಿಸಿದವರ ವಿಷಯವನ್ನು, ಮತ್ತು ಕನ್ನಡನಾಡು ಕಂಡ ಅಂಥವರಲ್ಲಿ ಮೊದಲಿಗರು ಈ ಜಟ್ಟಿಗಳೇ. ಜ್ಯೇಷ್ಠಿಮಲ್ಲರೆಂದು ತಮ್ಮನ್ನು ಕರೆದುಕೊಂಡ ಇವರ ಮೂಲಸ್ಥಾನ ಗುಜರಾತಿನ ಮೊಢೇರಾ. ಇವರ ಕುಲಕಥೆಯನ್ನೂ ಮಲ್ಲವಿದ್ಯೆಯನ್ನೂ ಹೇಳುವ ‘ಮಲ್ಲಪುರಾಣ’ವೆಂಬ ಸಂಸ್ಕೃತ ಗ್ರಂಥವೇ ಇದೆ. ದಕ್ಷಿಣಕ್ಕೆ ಬಂದ ಇವರಿಗೆ ಮೊದಲು ವಿಜಯನಗರದ, ತರುವಾಯ ಮೈಸೂರಿನ ಅರಸರ ಆಶ್ರಯ ದೊರೆಯಿತು. ಇಂದಿಗೂ ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ, ಜಂಬೂಸವಾರಿ ಹೊರಡುವುದಕ್ಕೆ ಮೊದಲು, ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಬಂದ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ವಜ್ರನಖ ತೊಟ್ಟು ಕಾಳಗಕ್ಕೆ ನಿಲ್ಲುತ್ತಾರೆ. ಒಬ್ಬನ ತಲೆಯಲ್ಲಿ ರಕ್ತದ ಮೊದಲ ಹನಿ ಕಾಣಿಸಿದೊಡನೆ ಕಾಳಗ ಮುಗಿಯುತ್ತದೆ. ಅದು ಸತ್ಯವೋ ಅಸತ್ಯವೋ? ರಕ್ತ ಸತ್ಯ, ವೈರ ಅಸತ್ಯ. ಉಳಿದ ದಿನಗಳಲ್ಲಿ ಇದೇ ಮನೆತನಗಳವರು ಮೂಳೆ ಮುರಿದವರಿಗೆ ಕಟ್ಟು ಹಾಕುವ ಚಿಕಿತ್ಸಕರಾಗಿಯೂ ಬಾಳಿದರು. ಹೀಗೆ ಬಂದವರನ್ನು ನಮ್ಮ ನಾಡು ಗುಜರಾತಿಯವರೆಂದು ಬೇರೆಯಿರಿಸಲಿಲ್ಲ; ಅವರ ಕುಲದ ಹೆಸರನ್ನೇ ಎತ್ತಿಕೊಂಡು ಬಲಶಾಲಿಗಳಿಗೆಲ್ಲ ಇಟ್ಟುಬಿಟ್ಟಿತು. ವಲಸಿಗನಿಗೆ ಇದಕ್ಕಿಂತ ದೊಡ್ಡ ಸನ್ಮಾನವನ್ನು ನಾನು ಬೇರೆಡೆ ಕಂಡಿಲ್ಲ.

ಆದರೆ ಅರಸನ ಅನ್ನವನ್ನುಂಡ ಮಲ್ಲನಿಗೂ ಟಿಕೇಟು ಕೊಂಡವರ ಹಣದಿಂದ ಬಾಳುವ ಮಲ್ಲನಿಗೂ ಅಂತರವುಂಟು. ಅರಸನಿಗೆ ಬೇಕಾದುದು ಮಲ್ಲನ ಬಲ. ಟಿಕೇಟು ಕೊಂಡವನಿಗೆ ಬಲದೊಡನೆ ಒಂದು ಕಥೆಯೂ ಬೇಕು, ಕಥೆಗೆ ಒಬ್ಬ ರಾಜವೇಷದವನೂ ಒಬ್ಬ ಬಣ್ಣದ ವೇಷದ ರಕ್ಕಸನೂ ಬೇಕು. ಯಾರಿಗೆ ಯಾವ ವೇಷ ಎಂಬ ಪ್ರಶ್ನೆ ಬಂದಾಗ, ಕಡಲು ದಾಟಿ ಬಂದವನ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿಯಿಡುವುದು ಎಲ್ಲ ದೇಶಗಳ ಬುಕರುಗಳಿಗೂ ಸುಲಭವಾದ ದಾರಿಯಾಗಿ ತೋರಿದೆ. ಕುಸ್ತಿಯ ಸತ್ಯಾಸತ್ಯಕ್ಕಿಂತ ನನಗೆ ಕುತೂಹಲಕರವಾಗಿ ಕಾಣುವುದು ಈ ಹಂಚಿಕೆ.

ನಮ್ಮ ಊರಿನಲ್ಲಿ ಎಲ್ಲರೂ ಬೊಂಬಾಯಿ ಮಾವ ಎಂದೇ ಕರೆಯುತ್ತಿದ್ದ ವೃದ್ಧರೊಬ್ಬರಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಘಟ್ಟದ ಬುಡ ಬಿಟ್ಟು, ಮುಂಬಯಿಯ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ ಗಲ್ಲಾಪೆಟ್ಟಿಗೆಯವರೆಗೆ ಏರಿ, ಮುಪ್ಪಿನಲ್ಲಿ ಹಿಂದಿರುಗಿದವರು. ಅವರ ಜೀವಮಾನದ ಸಂಪತ್ತೆಂದರೆ ವರಳಿಯ ವಲ್ಲಭಭಾಯಿ ಪಟೇಲ್ ಸ್ಟೇಡಿಯಮ್ಮಿನಲ್ಲಿ ಕಂಡ ಫ್ರೀಸ್ಟೈಲ್ ಕುಸ್ತಿಯ ನೆನಪು. ದಾರಾಸಿಂಗನು ಕಿಂಗ್‌ಕಾಂಗನನ್ನು ಎತ್ತಿ ತಿರುಗಿಸಿ ಒಗೆದುದನ್ನು ವರ್ಣಿಸುವಾಗ ಅವರು ಕುಳಿತಲ್ಲಿಂದ ಏಳುತ್ತಿದ್ದರು, ವೀಳ್ಯದ ಹರಿವಾಣ ಉರುಳುತ್ತಿತ್ತು. “ಇಡೀ ಸ್ಟೇಡಿಯಂ ಎದ್ದು ನಿಂತಿತು ಮಾರಾಯ, ನಾನು ಪಕ್ಕದವನ ಹೆಗಲ ಮೇಲೆ ಹತ್ತಿದ್ದೆ!” ಎಂಬಲ್ಲಿಗೆ ಪ್ರತಿ ಬಾರಿಯೂ ಪ್ರಸಂಗ ಮುಗಿಯುತ್ತಿತ್ತು.

ಆ ಇಬ್ಬರ ಪೂರ್ವವೃತ್ತಾಂತವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವರು ಶತ್ರುಗಳಾಗಿ ಅಲ್ಲ, ದಾಯಾದಿಗಳಾಗಿ ಕಾಣಿಸುತ್ತಾರೆ. ದಾರಾಸಿಂಗನು 1928ರಲ್ಲಿ ಅಮೃತಸರದ ಹತ್ತಿರದ ಧರ್ಮೂಚಕ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. 1947ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಸಿಂಗಪುರಕ್ಕೆ ಹೋಗಿ ಪೀಪಾಯಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೂಲಿಗೆ ನಿಂತನು. ಅಲ್ಲಿನ ಗ್ರೇಟ್ ವರ್ಲ್ಡ್ ಎಂಬ ವಿನೋದೋದ್ಯಾನದ ಕ್ರೀಡಾಂಗಣದಲ್ಲಿ ಹರ್ನಾಮ್ ಸಿಂಗನ ಕೈಕೆಳಗೆ ಈ ಹೊಸ ಬಗೆಯ ಕುಸ್ತಿಯನ್ನು ಕಲಿತು, ಮಲಯದ ಚಾಂಪಿಯನ್ನನೆನಿಸಿ, ಸ್ವದೇಶಕ್ಕೆ ಮರಳಿ 1954ರಲ್ಲಿ ರುಸ್ತುಂ-ಎ-ಹಿಂದ್ ಆದನು. ಕಿಂಗ್‌ಕಾಂಗನ ನಿಜನಾಮಧೇಯ ಎಮಿಲ್ ಚಾಯಾ. 1909ರಲ್ಲಿ ಆಗ ಹಂಗೇರಿಗೆ ಸೇರಿದ್ದ ಬ್ರಾಶೋ ಎಂಬ ಊರಿನಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧ ಮುಗಿಯುತ್ತಲೇ ಆ ಊರು ರುಮೇನಿಯಕ್ಕೆ ಹೋಯಿತು. ಅಂದರೆ ಅವನು ಮನೆಯ ಹೊಸ್ತಿಲು ದಾಟುವುದಕ್ಕೆ ಮೊದಲೇ ಅವನ ದೇಶ ಬದಲಾಗಿದ್ದಿತು. (ಕುಳಿತಲ್ಲಿಯೇ ರಾಜ್ಯ ಬದಲಾಗುವ ಅನುಭವವು 1956ರಿಂದೀಚೆಗೆ ನಮ್ಮ ಕಾಸರಗೋಡಿನವರಿಗೂ ಚೆನ್ನಾಗಿ ಗೊತ್ತು.) ಅವನೂ ಅಲೆಯುತ್ತ ಅಲೆಯುತ್ತ ನೆಲೆನಿಂತುದು ಅದೇ ಸಿಂಗಪುರದಲ್ಲಿ. ಇಬ್ಬರೂ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು, ಒಂದೇ ಬಂದರಿನಲ್ಲಿ ಇಳಿದವರು, ಒಂದೇ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡವರು. ಇಂಡಿಯಾಕ್ಕೆ ಬಂದು ಟಿಕೇಟು ಮಾರುವಾಗ ಮಾತ್ರ ಒಬ್ಬನು ರಾಮನ ಕಡೆ, ಮತ್ತೊಬ್ಬನು ರಾವಣನ ಕಡೆ.

ಕಿಂಗ್‌ಕಾಂಗನ ತೂಕ 400 ಪೌಂಡಿನ ಆಸುಪಾಸಿನಲ್ಲಿದ್ದಿತೆಂದು ಪ್ರಚಾರ. ಅಷ್ಟು ಭಾರದ ಮನುಷ್ಯನು ಒಪ್ಪದೆ ಯಾರ ಕೈಗೂ ಬಾರನು. ಎತ್ತುವ ಕ್ಷಣದಲ್ಲಿ ಎತ್ತಲ್ಪಡುವವನು ತಾನೂ ಮೊಣಕಾಲು ಬಾಗಿಸಿ ನೆಗೆಯಬೇಕು, ಒಂದು ಕೈಯನ್ನು ಎದುರಾಳಿಯ ಹೆಗಲಿಗೆ ಊರಿ ತನ್ನ ಭಾರವನ್ನು ತಾನೇ ಹಂಚಬೇಕು, ಮೇಲೆ ತೂಗುತ್ತಿರುವಷ್ಟು ಹೊತ್ತು ಮೈಯನ್ನು ಬಿಗಿಹಿಡಿಯಬೇಕು, ತರುವಾಯ ಮೇಲಿನಿಂದ ಬೀಳಬೇಕು. ದಾರಾಸಿಂಗನ ಬಲವು ನಿಜವೇ. ಗರಡಿಯಲ್ಲಿ ಬೆಳೆದ ಆ ದೇಹವನ್ನು ಕುರಿತು ಯಾರಿಗೂ ಸಂದೇಹವಿರಲಿಲ್ಲ. ಆದರೆ ಬೊಂಬಾಯಿ ಮಾವನನ್ನು ಪಕ್ಕದವನ ಹೆಗಲಿಗೆ ಹತ್ತಿಸಿದ ಆ ಎತ್ತುವಿಕೆಯಲ್ಲಿ ಅರ್ಧ ಪಾಲು ಬ್ರಾಶೋದಿಂದ ಬಂದ ಎಮಿಲ್ ಚಾಯಾನದು. ನಾನು ಇದನ್ನೊಮ್ಮೆ ಮಾವನಿಗೆ ವಿವರಿಸಹೋಗಿ ಒಂದು ತಿಂಗಳ ಕಾಲ ಅವರ ಮಾತು ಕಳೆದುಕೊಂಡೆನು. ಆ ಚಾಯಾನು 1970ರಲ್ಲಿ ಮೋಟಾರು ಅಪಘಾತದ ಗಾಯಗಳಿಂದ ಸಿಂಗಪುರದಲ್ಲಿ ತೀರಿಕೊಂಡನು. ಅವನಿಂದ ಕೀರ್ತಿ ಪಡೆದ ನಾಡಿನಲ್ಲಿ ಅವನ ನಿಜವಾದ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಮುಂದಿನ ಸಂಗತಿಗಳು ಪ್ರಸಿದ್ಧವಾದುವು. 1959ರಲ್ಲಿ ಕಲ್ಕತ್ತೆಯಲ್ಲಿ ಕೆನಡಾದ ಜಾರ್ಜ್ ಗೋರ್ಡಿಯೆಂಕೋನನ್ನು ಸೋಲಿಸಿ ದಾರಾಸಿಂಗನು ಕಾಮನ್‌ವೆಲ್ತ್ ಪದವಿಯನ್ನು ಪಡೆದನು. ಆ ಗೋರ್ಡಿಯೆಂಕೋ ಕಮ್ಯೂನಿಸ್ಟರ ನಂಟಿನ ಕಾರಣದಿಂದ ಅಮೆರಿಕಕ್ಕೆ ಬೇಡವಾದವನು, ಕೊನೆಗೆ ಚಿತ್ರಕಾರನಾದವನು. ಅವನದೇ ಬೇರೊಂದು ಕಥೆ. 1968ರ ಮೇ 29ರಂದು ಮುಂಬಯಿಯಲ್ಲಿ ದಾರಾಸಿಂಗನು ಅಮೆರಿಕದ ಲೂ ಥೆಸ್‌ನನ್ನು ಕೆಡವಿ ವಿಶ್ವ ಚಾಂಪಿಯನ್ ಎನಿಸಿದನು. ಥೆಸ್‌ನು ನ್ಯಾಷನಲ್ ರೆಸ್ಲಿಂಗ್ ಅಲಯನ್ಸಿನ ಪಟ್ಟವನ್ನು 1966ರಲ್ಲಿಯೇ ಕಳೆದುಕೊಂಡಿದ್ದನು, ಆಗ ಅವನಿಗೆ ವಯಸ್ಸು ಐವತ್ತೆರಡು ಎಂಬುದನ್ನು ಹೇಳಿದರೆ ವಿಜಯದ ತೇಜಸ್ಸು ಸ್ವಲ್ಪ ಕುಂದುವುದು. ಆದರೂ ಆಟದ ನಿಯಮದಲ್ಲಿ ಅದು ದೋಷವಲ್ಲ. ಆ ಥೆಸ್‌ನಾದರೂ ಯಾರು? ಹಂಗೇರಿಯಿಂದ ಅಮೆರಿಕಕ್ಕೆ ವಲಸೆ ಹೋದ ಚಮ್ಮಾರನ ಮಗ.

1987–88ರಲ್ಲಿ ‘ರಾಮಾಯಣ’ ಧಾರಾವಾಹಿ ಬರುತ್ತಿದ್ದಾಗ ನಮ್ಮ ಕಡೆ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯವು; ಭಾನುವಾರ ಬೆಳಗ್ಗೆ ರಬ್ಬರ್ ಹಾಲು ತೆಗೆಯುವ ಕೆಲಸವನ್ನು ಅವಸರದಿಂದ ಮುಗಿಸಿ ಎಲ್ಲರೂ ಒಂದೇ ಜಗಲಿಯಲ್ಲಿ ಕೂಡುತ್ತಿದ್ದರು. ಹನುಮಂತನು ಕಾಣಿಸಿಕೊಂಡೊಡನೆ ಹೆಂಗಸರು ಕೈಮುಗಿದರೆ, ಬೊಂಬಾಯಿ ಮಾವ ಮಾತ್ರ ನನ್ನ ಕಡೆ ಬಗ್ಗಿ, “ಇವನೇ ಮಾರಾಯ ಕಿಂಗ್‌ಕಾಂಗನನ್ನು ಎತ್ತಿದವ!” ಎಂದು ಪಿಸುಗುಟ್ಟುತ್ತಿದ್ದರು. ಸ್ವದೇಶಕ್ಕೆ ಮರಳಿದ ಮಲ್ಲನಿಗೆ ಕೊನೆಗೆ ದೊರೆತುದು ಹನುಮಂತನ ವೇಷ.

ಮರಳದೆ ಆ ಕಡೆಯ ದಡದಲ್ಲಿ ನಿಂತವನಿಗೆ ಏನು ದೊರೆಯುತ್ತದೆ ಎಂಬುದಕ್ಕೆ ಇಂದಿನ ಹುಡುಗರು ಚೆನ್ನಾಗಿ ಬಲ್ಲ ಖಲಿಯೇ ನಿದರ್ಶನ. ದಲೀಪ್ ಸಿಂಗ್ ರಾಣಾ ಹಿಮಾಚಲ ಪ್ರದೇಶದ ಸಿರ್ಮೌರ್ ಜಿಲ್ಲೆಯ ಗುಡ್ಡಗಾಡಿನ ಬಡ ಮನೆಯಲ್ಲಿ 1972ರಲ್ಲಿ ಹುಟ್ಟಿದವನು; ಅವನ ಅಸಾಧಾರಣ ಬೆಳವಣಿಗೆಗೆ ಕಾರಣ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿದ್ದ ಗಡ್ಡೆ, ಅದನ್ನು 2012ರಲ್ಲಿ ಅಮೆರಿಕದಲ್ಲಿ ಶಸ್ತ್ರಕ್ರಿಯೆಯಿಂದ ತೆಗೆಯಲಾಯಿತು. ಕೂಲಿ ಮಾಡಿ, ಕಾವಲು ಕಾದು, ಪಂಜಾಬಿನ ಪೊಲೀಸ್ ಇಲಾಖೆಗೆ ಸೇರಿ, 2000ದಲ್ಲಿ ಕ್ಯಾಲಿಫೋರ್ನಿಯದಲ್ಲಿ ರಂಗಕ್ಕಿಳಿದು, 2006ರ ಏಪ್ರಿಲಿನಲ್ಲಿ ಡಬ್ಲ್ಯೂ.ಡಬ್ಲ್ಯೂ.ಇ.ಯ ಪರದೆಯ ಮೇಲೆ ಬಂದಾಗ ಅವನನ್ನು ಕಾಳಿಯ ಹೆಸರು ತಿರುಚಿ ಖಲಿಯೆಂದು ಕರೆದರು. ಮಾತಾಡದೆ ಗುರುಗುಟ್ಟುವ ದೈತ್ಯನ ವೇಷ ಕಟ್ಟಿಸಿದರು. ಅವನ ಪರವಾಗಿ ಮಾತಾಡಲು ದೈವಾರಿ ಎಂಬವನನ್ನು ನಿಲ್ಲಿಸಿದರು. ಆ ದೈವಾರಿಯಾದರೋ ಅಮೆರಿಕದಲ್ಲಿಯೇ ಹುಟ್ಟಿದ ಇರಾನೀ ಮೂಲದವನು! ಹಿಮಾಚಲದವನನ್ನು ಪಂಜಾಬಿಯೆಂದರು, ಅವನ ಹೆಸರಿನಲ್ಲಿ ಬಿದಿರಿನ ಭಾರೀ ಪಂಜರವೊಂದನ್ನು ಕಟ್ಟಿ ಅದಕ್ಕೆ ‘ಪಂಜಾಬಿ ಪ್ರಿಸನ್’ ಎಂದು ಹೆಸರಿಟ್ಟರು. ಗೋಧಿ ಬೆಳೆಯುವ ಬಯಲನ್ನು ಬಿದಿರಿನ ಸೀಮೆಯೆಂದು ಭಾವಿಸಿದ ಆ ಮಹಾಶಯರು ಬಿದಿರೇ ಬೇಕಿದ್ದರೆ ನಮ್ಮ ಚಾರ್ಮಾಡಿಯ ಕಡೆಗೆ ಬರಬಹುದಾಗಿತ್ತು.

ಅಷ್ಟಾಗಿಯೂ 2007ರ ಜುಲೈಯಲ್ಲಿ ಅವನು ಅಲ್ಲಿನ ವಿಶ್ವ ಹೆವಿವೇಟ್ ಪದವಿಯನ್ನು ಪಡೆದ ಮೊದಲ ಭಾರತೀಯನಾದನು. ತರುವಾಯ ಇಲ್ಲಿನ ಪ್ರೇಕ್ಷಕರ ಸಂಖ್ಯೆ ಹೆಚ್ಚಿದಂತೆ ದೈತ್ಯನ ಬಣ್ಣವನ್ನು ಅಳಿಸಿ ಹಾಸ್ಯಗಾರನ ಬಣ್ಣ ಹಚ್ಚಿದರು. ಇದು ನನಗೆ ಹಿತವೆನಿಸಲಿಲ್ಲ. ಬಣ್ಣದ ವೇಷಕ್ಕೆ ಒಂದು ಗಾಂಭೀರ್ಯವಿದೆ, ಅದನ್ನು ಮುರಿದು ನಗಿಸುವುದು ಕಲೆಯ ದೃಷ್ಟಿಯಿಂದಲೂ ಅನ್ಯಾಯವೆಂದು ನಾನು ತಿಳಿಯುತ್ತೇನೆ. 2014ರಲ್ಲಿ ಅಮೆರಿಕದ ಪೌರತ್ವ ಪಡೆದವನು 2015ರಲ್ಲಿ ಜಾಲಂಧರಕ್ಕೆ ಬಂದು ತನ್ನದೇ ಕುಸ್ತಿಶಾಲೆಯನ್ನು ತೆರೆದನು. ಅಂದರೆ ವೇಷ ಕಟ್ಟಿಸಿಕೊಂಡವನು ಈಗ ಕಟ್ಟಿಸುವವನು.

ಬೊಂಬಾಯಿ ಮಾವನಿಗೂ ಇಂಥದೊಂದು ವೇಷವಿತ್ತೆಂಬುದು ಬಹಳ ತಡವಾಗಿ ನನಗೆ ತಿಳಿಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತು ಹೋದ ಅವರನ್ನು ಮುಂಬಯಿಯಲ್ಲಿ ಮೂವತ್ತು ವರ್ಷ ಎಲ್ಲರೂ ಮದ್ರಾಸಿಯೆಂದೇ ಕರೆದರು. ಮದ್ರಾಸನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಗಿರಾಕಿ ಕರೆದ ಹೆಸರಿಗೆ ಓಗೊಟ್ಟರೆ ಟಿಪ್ಸು ಹೆಚ್ಚೆಂದು ತಿಳಿಯಿತು, ಎನ್ನುತ್ತಿದ್ದರು. ನೆರಿಯದ ಗುಡ್ಡಗಳಲ್ಲಿಯೂ ಕೇರಳದಿಂದ ಬಂದು, ಜ್ವರಕ್ಕೂ ಆನೆಗೂ ಎದೆಗೊಟ್ಟು, ಕಾಡು ಕಡಿದು ರಬ್ಬರೂ ಕರಿಮೆಣಸೂ ಬೆಳೆಸಿದ ಕುಟುಂಬಗಳಿವೆ. ಅವರ ಮೊದಲ ತಲೆಮಾರಿಗೆ ನಾವು ಯಾವ ಯಾವ ಹೆಸರು ಕೊಟ್ಟು ಕರೆದೆವೆಂಬುದನ್ನು ಇಲ್ಲಿ ಬರೆಯಲು ನನಗೆ ಸಂಕೋಚವಾಗುತ್ತದೆ.

ಮೊಮ್ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಕರೆಂಟು ಬರುವವರೆಗೆ ದೀಪದ ಬೆಳಕಿನಲ್ಲಿ ಒಬ್ಬನ ಕಥೆ ಮಾತ್ರ ಹೇಳಿದೆನು. ಲುಧಿಯಾನದ ಕಡೆಯ ಹಳ್ಳಿಯ ಹುಡುಗನೊಬ್ಬನು 1960ರ ದಶಕದಲ್ಲಿ ಕೆನಡಾಕ್ಕೆ ಹೋಗಿ, ಟೊರಾಂಟೋದಲ್ಲಿ ಕುಸ್ತಿ ಕಲಿತು, ಟೈಗರ್ ಜೀತ್ ಸಿಂಗನಾಗಿ 1973ರಿಂದ ಜಪಾನಿನಲ್ಲಿ ರಂಗಕ್ಕಿಳಿದನು. ತಲೆಗೆ ಪೇಟ, ಬಾಯಲ್ಲಿ ಕಚ್ಚಿದ ಖಡ್ಗ, ನಮ್ಮ ಮಹಿಷನಂತೆಯೇ ಸಭಿಕರನ್ನು ಚದುರಿಸಿಕೊಂಡು ಹಿಂದಿನಿಂದ ಪ್ರವೇಶ. ಅಲ್ಲಿನವರ ಆರಾಧ್ಯ ಮಲ್ಲ ಆಂಟೋನಿಯೋ ಇನೋಕಿಯ ಮೇಲೆ ಟೋಕಿಯೋದ ಅಂಗಡಿಬೀದಿಯಲ್ಲಿ ಹಾಡುಹಗಲೇ ಎರಗಿ, ಇಡೀ ದೇಶ ತನ್ನನ್ನು ದ್ವೇಷಿಸುವಂತೆ ಮಾಡಿಕೊಂಡು, ಆ ದ್ವೇಷದಿಂದಲೇ ವರ್ಷಗಟ್ಟಲೆ ಅನ್ನ ಸಂಪಾದಿಸಿದನು. “ಮತ್ತೆ ಅವನನ್ನು ಯಾರು ಕೊಂದದ್ದು?” ಎಂದು ಹುಡುಗ ಕೇಳಿದನು, ಮಹಿಷನ ಕಥೆಗೆ ಅದೇ ಅಲ್ಲವೇ ಅಂತ್ಯ.

ಯಾರೂ ಕೊಲ್ಲಲಿಲ್ಲ. ಅವನು ದುಡಿದ ಹಣದೊಡನೆ ಕೆನಡಾದ ಮಿಲ್ಟನ್ ಎಂಬ ಊರಿಗೆ ಮರಳಿ ಸಂಸಾರ ಮಾಡಿಕೊಂಡಿದ್ದನು, ದಾನಧರ್ಮ ಮಾಡಿದನು. ಆ ಊರಿನಲ್ಲಿ 2010ರಲ್ಲಿ ಒಂದು ಸರಕಾರಿ ಶಾಲೆ ಆರಂಭವಾಯಿತು. ಅದರ ಹೆಸರು ಟೈಗರ್ ಜೀತ್ ಸಿಂಗ್ ಪಬ್ಲಿಕ್ ಸ್ಕೂಲ್.